ಬಾಹ್ಯಾಕಾಶಕ್ಕೆ ಹೋದ ಬಂಡುಕೋರನ ಹಾಡು

ಪ್ರಶ್ನೆ: ವಾಯೇಜರ್ ನೌಕೆಯಲ್ಲಿ ಬಲ್ಗೇರಿಯಾದ ಒಬ್ಬ ದರೋಡೆಕೋರನ ಹಾಡು ಇದೆಯಂತೆ, ನಿಜವಾ? ಅದರಲ್ಲಿ ಅಂಥದ್ದೇನಿದೆ?

ನಿಜ. ಹಾಡಿನ ಹೆಸರು ‘ಇಜ್ಲೆಲ್ ಎ ದೆಲ್ಯೊ ಹೈದುತಿನ್’. ‘ಬಂಡುಕೋರ ದೆಲ್ಯೊ ಹೊರಟ’ ಎಂದಿಟ್ಟುಕೊಳ್ಳಿ. 1977ರಲ್ಲಿ ನಾಸಾ ಹಾರಿಸಿದ ಎರಡೂ ವಾಯೇಜರ್ ನೌಕೆಗಳಲ್ಲಿ, ಅನ್ಯಲೋಕದವರಿಗೆ ಸಿಕ್ಕೀತೆಂದು ಇಟ್ಟ, ಗ್ರಾಮಫೋನ್ ತಟ್ಟೆಯಂಥ ಚಿನ್ನದ ಲೇಪದ ತಾಮ್ರದ ತಟ್ಟೆ ಒಂದೊಂದಿದೆ. ಅದರ 27 ಸಂಗೀತ ತುಣುಕುಗಳಲ್ಲಿ ಇದೂ ಒಂದು. ಅದೇ ತಟ್ಟೆಯಲ್ಲಿ ಹಿಂದೂಸ್ತಾನಿ ಗಾಯಕಿ ಕೇಸರಬಾಯಿ ಕೇರ್ಕರ್ ಅವರ ಹಾಡಿದೆ. ಕನ್ನಡದಲ್ಲಿ ಒಂದು ಶುಭಾಶಯವೂ ಇದೆ!

ದೆಲ್ಯೊ 17ನೇ ಶತಮಾನದ ಕೊನೆ, 18ರ ಶುರುವಿನ ಹೊತ್ತಿನವನು. ಬಲ್ಗೇರಿಯಾದ ದಕ್ಷಿಣ ಭಾಗದಲ್ಲಿ ರೊಡೊಪಿ ಬೆಟ್ಟಸಾಲು ಇದೆ. ಈಗ ಜ್ಲಾತೊಗ್ರಾದ್ ಎಂದು ಕರೆಯುವ ಊರಿನ ಕಡೆಯವನು ಅವನು. ಆಗ ಅಲ್ಲಿ ಆಟೊಮನ್ ತುರ್ಕರ ಆಳ್ವಿಕೆ. ಅದಕ್ಕೆ ತಿರುಗಿಬಿದ್ದು ಬೆಟ್ಟ ಹತ್ತಿದವರೇ ಹೈದುತ್‌ಗಳು. ಸರ್ಕಾರದ ಲೆಕ್ಕದಲ್ಲಿ ಕಳ್ಳರು, ಹಳ್ಳಿಯವರಿಗೆ ನಮ್ಮೋರು. ಎರಡರಲ್ಲೂ ಸ್ವಲ್ಪ ಸ್ವಲ್ಪ ನಿಜ ಇದ್ದಿರಬೇಕು. ಯಾಕಂದ್ರೆ ಈ ಹಾಡೇ ಅವನನ್ನು ದಾರಿಗಳ್ಳ ಅಂತಲೂ ಕರೆಯುತ್ತದೆ, ಯಾವ ಮುಜುಗರವೂ ಇಲ್ಲದೆ. ಮಾಮೂಲಿ ಗುಂಡು ಅವನಿಗೆ ನಾಟುತ್ತಿರಲಿಲ್ಲ, ಬೆಳ್ಳಿಯ ಗುಂಡು ಎರಕ ಹೊಯ್ದು ಕೊಂದರು ಅಂತ ಕಥೆ ಬೇರೆ ಇದೆ.

ಅಷ್ಟಿದ್ದರೂ ಹಾಡಿನಲ್ಲಿ ಒಂದು ಕಾಳಗವೂ ಇಲ್ಲ. ಇರುವುದು ಬರೀ ಒಂದು ಎಚ್ಚರಿಕೆ. ದೆಲ್ಯೊ ಊರಿನ ಗಣ್ಯರಿಗೆ ಹೇಳಿ ಕಳಿಸುತ್ತಾನೆ: ಊರಲ್ಲಿ ನನ್ನ ಇಬ್ಬರು ಸೋದರತ್ತೆಯರಿದ್ದಾರೆ. ಅವರನ್ನು ಮತಾಂತರ ಮಾಡಬೇಡಿ. ಮಾಡಿದರೆ ನಾನು ಬೆಟ್ಟ ಇಳಿದು ಬರುತ್ತೇನೆ. ಆಗ ತುಂಬ ತಾಯಂದಿರು ಅಳಬೇಕಾಗುತ್ತದೆ, ಅವರಿಗಿಂತ ಜಾಸ್ತಿ ಹೊಸ ಮದುವಣಗಿತ್ತಿಯರು. ಮುಗಿಯಿತು. ಅವನು ಇಳಿದು ಬಂದನೋ ಇಲ್ಲವೋ ಹಾಡು ಹೇಳುವುದಿಲ್ಲ. ಬಂದಿದ್ದರೆ ಇಷ್ಟು ಭಯ ಹುಟ್ಟುತ್ತಿರಲಿಲ್ಲ ಅನ್ನಿಸುತ್ತದೆ ನನಗೆ.

ಇನ್ನು ದನಿ. ತಟ್ಟೆಯಲ್ಲಿರುವುದು ಬಲ್ಗೇರಿಯಾದ ಜನಪದ ಗಾಯಕಿ ವಾಲ್ಯಾ ಬಾಲ್ಕಾನ್ಸ್ಕಾ ಹಾಡಿದ್ದು. 1960ರ ದಶಕದ ಕೊನೆಯಲ್ಲಿ ಅಮೆರಿಕದ ಇಬ್ಬರು ಜಾನಪದ ಆಸಕ್ತರು ಬಲ್ಗೇರಿಯಾಕ್ಕೆ ಹೋಗಿ ಅದನ್ನು ಧ್ವನಿಮುದ್ರಿಸಿಕೊಂಡರು. ಜೊತೆಗೆ ನುಡಿಸಿರುವುದು ಎರಡು ಕಬಾ ಗಾಯ್ದಾ. ಚರ್ಮದ ಚೀಲಕ್ಕೆ ಕೊಳವೆ ಸಿಕ್ಕಿಸಿದ ರೊಡೊಪಿಯ ಊದುವಾದ್ಯ ಅದು. ಒಂದು ಕೊಳವೆಯಲ್ಲಿ ರಾಗ ನಡೆಯುತ್ತದೆ, ಇನ್ನೊಂದು ನಮ್ಮ ಶ್ರುತಿಪೆಟ್ಟಿಗೆಯ ಹಾಗೆ ಒಂದೇ ಸ್ವರ ಹಿಡಿದು ನಿಲ್ಲುತ್ತದೆ. ತಾಳದ ಕಟ್ಟು ಇಲ್ಲ. ಒಂದೊಂದು ಸಾಲನ್ನೂ ಆಕೆ ಉಸಿರು ಇರುವಷ್ಟು ಎಳೆಯುತ್ತಾರೆ. ಹಾಗಾಗಿ ಬೆದರಿಕೆಯ ಮಾತೂ ಶೋಕಗೀತೆಯಂತೆ ಕೇಳಿಸುತ್ತದೆ. ಅರ್ಥ ಗೊತ್ತಿಲ್ಲದ ಎಷ್ಟೋ ಜನ ಇದನ್ನು ವಿರಹದ ಹಾಡು ಅಂದುಕೊಂಡರೆ ಅವರದೇನೂ ತಪ್ಪಿಲ್ಲ ಬಿಡಿ.