ಪದ ಪರಿಚಯ: ‘ನೈಜ ಘಟನೆ ಆಧಾರಿತ’

ಕೊಲೆ ಸೀನ್ ನೋಡಿ ಮಗು ಅತ್ತರೆ ಹೇಳುವುದು ಒಂದೇ ಮಾತು: “ಅಯ್ಯೋ, ಅದು ಸಿನಿಮಾ ಕಣೋ, ನಿಜ ಅಲ್ಲ.” ದೊಡ್ಡವರಾದ ಮೇಲೂ ನಮಗೆ ನಾವೇ ಅದನ್ನೇ ಹೇಳಿಕೊಂಡು ಕೂರುತ್ತೇವೆ, ಅಲ್ವಾ? ಆದರೆ ಶುರುವಿನಲ್ಲೇ ಕಪ್ಪು ಪರದೆ ಮೇಲೆ ಬಿಳಿ ಅಕ್ಷರದಲ್ಲಿ ‘ನೈಜ ಘಟನೆ ಆಧಾರಿತ’ ಅಂತ ಬಂತೆಂದರೆ ಆ ಸಮಾಧಾನ ಹೋಯಿತು.

ಆಧಾರ ಅಂದರೆ ಬುನಾದಿ. ಬುನಾದಿ ಗಟ್ಟಿ ಕಲ್ಲಿನದೇ ಇರಬಹುದು, ಮೇಲಿನ ಗೋಡೆ, ಕಿಟಕಿ, ಬಣ್ಣ ಎಲ್ಲ ಸಿನಿಮಾದವರದ್ದು. ಕೊಲೆ ನಿಜ, ಕೇಸು ನಿಜ, ಆದರೆ ಹಿಂದಿನ ರಾತ್ರಿ ಆ ಹುಡುಗಿ ತಾಯಿಯ ಜೊತೆ ಆಡಿದ ಜಗಳ ಸಾಮಾನ್ಯವಾಗಿ ಬರೆದವರ ಊಹೆ. ನಾಲ್ಕು ಪೊಲೀಸರನ್ನು ಸೇರಿಸಿ ಒಂದು ಪಾತ್ರ ಮಾಡಿರುತ್ತಾರೆ, ವರ್ಷಗಟ್ಟಲೆ ನಡೆದ ತನಿಖೆ ಕೆಲವೇ ವಾರದ್ದು ಅನ್ನಿಸುವ ಹಾಗೆ ಕತ್ತರಿಸಿರುತ್ತಾರೆ. ‘ಪ್ರೇರಿತ’ ಅಂತಿದ್ದರೆ ನಂಟು ಇನ್ನೂ ಸಡಿಲ.

ಈ ಸಾಲನ್ನು ಸುಮ್ಸುಮ್ನೆ ಹಾಕಿದವರೂ ಇದ್ದಾರೆ. 1996ರ ಅಮೆರಿಕದ ಸಿನಿಮಾ ‘ಫಾರ್ಗೊ’ ಶುರುವಾಗುವುದೇ ಇದು ನಿಜ ಕಥೆ, 1987ರಲ್ಲಿ ಮಿನ್ನೆಸೋಟಾದಲ್ಲಿ ನಡೆದದ್ದು, ಬದುಕಿರುವವರು ಕೇಳಿಕೊಂಡಿದ್ದಕ್ಕೆ ಹೆಸರು ಮಾತ್ರ ಬದಲಿಸಿದ್ದೇವೆ ಅಂತ ಹೇಳಿಕೊಂಡು. ಅಂಥ ಕೇಸೇ ಇರಲಿಲ್ಲ! ಆ ಬಿಳಿ ಅಕ್ಷರಗಳ ಜಾದೂ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಇದಕ್ಕೆ ಉಲ್ಟಾ ಸಾಲೂ ಒಂದಿದೆ. ‘ಪಾತ್ರಗಳೆಲ್ಲ ಕಾಲ್ಪನಿಕ, ಯಾರನ್ನಾದರೂ ಹೋಲಿದರೆ ಕೇವಲ ಕಾಕತಾಳೀಯ’ ಅನ್ನುವುದು. ರಷ್ಯಾದ ರಾಜಮನೆತನಕ್ಕೆ ಆಪ್ತನಾಗಿದ್ದ ಸಾಧು ರಾಸ್ಪುಟಿನ್‌ನ ಕೊಲೆಯ ಮೇಲೆ 1932ರಲ್ಲಿ ಬಂದ ಹಾಲಿವುಡ್ ಸಿನಿಮಾದಲ್ಲಿ ತನ್ನ ಮಾನ ಕಳೆದರು ಅಂತ ರಷ್ಯಾದ ರಾಜಕುಮಾರಿಯೊಬ್ಬಳು ಲಂಡನ್ನಿನಲ್ಲಿ ಕೇಸು ಹಾಕಿ 1934ರಲ್ಲಿ ಗೆದ್ದಳು, ಆಮೇಲೆ ಈ ಸಾಲು ರೂಢಿಯಾಯಿತು. ಈಗ ಒಂದೇ ಸಿನಿಮಾದಲ್ಲಿ ಎರಡೂ ಸಾಲು ಕಾಣಿಸುತ್ತವೆ. ಮೊದಲನೆಯದು ನಮಗಾಗಿ, ಎರಡನೆಯದು ವಕೀಲರಿಗಾಗಿ.

ಮನಸ್ಸು ಕಲಕುವುದು ರಕ್ತ ನೋಡಿ ಅಲ್ಲ ಅಂತ ನನ್ನ ಲೆಕ್ಕ. ಕಟ್ಟುಕಥೆಯಲ್ಲಿ ‘ತಪ್ಪಿಸಿಕೊಳ್ತಾಳಾ?’ ಅಂತ ಕಾಯಬಹುದು. ಇಲ್ಲಿ ಉತ್ತರ ಮೊದಲೇ ಗೊತ್ತು. ಅವಳು ಚಪ್ಪಲಿ ಮೆಟ್ಟುತ್ತಾಳೆ, ಛತ್ರಿ ಮರೆತೆ ಅಂತ ವಾಪಸ್ ಬರುತ್ತಾಳೆ, ‘ಒಳಗೇ ಇರು, ಹೋಗಬೇಡ’ ಅಂತ ನಾವು ಒಳಗೊಳಗೇ ಬೇಡಿಕೊಳ್ಳುತ್ತೇವೆ, ಅವಳು ಛತ್ರಿ ತಗೊಂಡು ಹೊರಡುತ್ತಾಳೆ. ಎರಡು ಗಂಟೆ ನಟಿಯ ಮುಖ ನೋಡಿದ ಮೇಲೆ ಕೊನೆಯಲ್ಲಿ ನಿಜವಾದ ಫೋಟೊ ಹಾಕುತ್ತಾರಲ್ಲ, ಶಾಲೆಯ ಗುರುತಿನ ಚೀಟಿಯದ್ದೋ ಯಾರದ್ದೋ ಮದುವೆಯಲ್ಲಿ ತೆಗೆದದ್ದೋ, ನನಗೆ ಕೊಲೆ ಸೀನಿಗಿಂತ ಅದೇ ಜಾಸ್ತಿ ಕಷ್ಟ. ಆಮೇಲೆ ನಡುರಾತ್ರಿ ಫೋನಿನಲ್ಲಿ ಕೇಸಿನ ವಿವರ ಹುಡುಕುತ್ತಾ ಕೂರುವುದು ಬೇರೆ. ಈಗೀಗ ಮೊದಲೇ ಓದಿಕೊಂಡು ಹಗಲಲ್ಲಿ ನೋಡುತ್ತೇನೆ, ಆಗದಿದ್ದರೆ ಅರ್ಧಕ್ಕೇ ನಿಲ್ಲಿಸುತ್ತೇನೆ.

ನಿಜ ಘಟನೆ ಸಿನಿಮಾದ ಜೊತೆಗೇ ಮುಗಿಯುವುದೂ ಇಲ್ಲ. ದಕ್ಷಿಣ ಕೊರಿಯಾದ ಹ್ವಾಸೊಂಗ್‌ನಲ್ಲಿ 1986ರಿಂದ 1991ರವರೆಗೆ ಸಾಲು ಸಾಲಾಗಿ ಹೆಂಗಸರ ಕೊಲೆಗಳಾದವು. ಬಾಂಗ್ ಜೂನ್ ಹೊ ಅದರ ಮೇಲೆ 2003ರಲ್ಲಿ ‘ಮೆಮೊರೀಸ್ ಆಫ್ ಮರ್ಡರ್’ ಮಾಡಿದಾಗ ಕೊಲೆಗಾರ ಸಿಕ್ಕಿರಲಿಲ್ಲ. ಅವನೂ ಥಿಯೇಟರಿಗೆ ಬಂದು ಕೂರಬಹುದು ಅಂತಲೇ ಕೊನೆಯ ಶಾಟ್‌ನಲ್ಲಿ ಪತ್ತೇದಾರ ನೇರ ಕ್ಯಾಮೆರಾ ಕಡೆ ನೋಡುವಂತೆ ಮಾಡಿದರು. 2019ರಲ್ಲಿ ಡಿಎನ್‌ಎ ಹೊಂದಿಕೆಯಾಗಿ ಅಪರಾಧಿ ಗೊತ್ತಾದ. ಇನ್ನೊಂದು ಕೊಲೆಗಾಗಿ 1994ರಿಂದಲೇ ಜೈಲಿನಲ್ಲಿದ್ದ. ಈ ಸರಣಿಯ ಒಂದು ಕೊಲೆಗೆ ಏನೂ ಮಾಡದ ಮತ್ತೊಬ್ಬ ಸುಮಾರು 20 ವರ್ಷ ಜೈಲಿನಲ್ಲಿದ್ದ, 2020ರಲ್ಲಿ ಕೋರ್ಟು ಅವನನ್ನು ನಿರಪರಾಧಿ ಅಂದಿತು. ಆ ಮರುವಿಚಾರಣೆಗೆ ಸಾಕ್ಷಿ ಹೇಳಲು ಬಂದ ನಿಜ ಕೊಲೆಗಾರನಿಗೆ ಸಿನಿಮಾ ನೋಡಿದ್ದೀಯಾ ಅಂತ ಕೇಳಿದರು. ಜೈಲಿನಲ್ಲೇ ನೋಡಿದ್ದನಂತೆ. ಬರೀ ಸಿನಿಮಾ ಅಂತ ನೋಡಿದೆ, ಏನೂ ಅನ್ನಿಸಲಿಲ್ಲ ಅಂದ.