ಗರಗಸದೊಳಗಿನ ರಬ್ಬರ್ ಹಾಳೆ

ಯೆಜ್ಡಿ ಬೈಕನ್ನು ಪೂರ್ತಿ ಅಡ್ಡ ಮಲಗಿಸಿದರೆ ಸ್ವಲ್ಪ ಹೊತ್ತಿಗೇ ಕಾರ್ಬೊರೇಟರ್‌ನಿಂದ, ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗದಿಂದ, ಪೆಟ್ರೋಲ್ ಸೋರತೊಡಗುತ್ತದೆ. ಒಳಗಿರುವ ಪುಟ್ಟ ಬಟ್ಟಲಿನಲ್ಲಿ ಒಂದು ಫ್ಲೋಟ್ ತೇಲುತ್ತಿರುತ್ತದೆ. ಪೆಟ್ರೋಲ್ ಏರಿದಾಗ ಅದೂ ಏರಿ, ಸೂಜಿಯನ್ನು ಒತ್ತಿ ದಾರಿ ಮುಚ್ಚುತ್ತದೆ. ಗಾಡಿ ನೆಟ್ಟಗಿದ್ದರೆ ಮಾತ್ರ ಈ ಆಟ ನಡೆಯುತ್ತದೆ. ಮೈಸೂರಿನ ಆ ಟೂ ಸ್ಟ್ರೋಕ್ ಎಂಜಿನ್ನಿಗೂ ಮರ ಕೊಯ್ಯುವ ಚೈನ್‌ಸಾ ಎಂಜಿನ್ನಿಗೂ ಮೂಲದಲ್ಲಿ ಜಾಸ್ತಿ ವ್ಯತ್ಯಾಸ ಇಲ್ಲ. ಆದರೆ ಬೈಕನ್ನು ಯಾರೂ ಅಡ್ಡ ಹಿಡಿದು ಓಡಿಸುವುದಿಲ್ಲ. ನಿಂತ ಮರದ ಬುಡ ಕೊಯ್ಯಬೇಕಾದರೆ ಚೈನ್‌ಸಾ ಅಡ್ಡ ಮಲಗಲೇಬೇಕು.

ಹಳೆಯ ಚೈನ್‌ಸಾ ಸಂಗ್ರಹಿಸುವ ಹುಚ್ಚು ಅಮೆರಿಕ, ಕೆನಡಾ, ಜರ್ಮನಿ, ಸ್ವೀಡನ್‌ಗಳಲ್ಲಿ ಜೋರಾಗಿದೆ. ಅಂಥವರು ತೂಕ, ಬಣ್ಣ, ಕುದುರೆಶಕ್ತಿ ಅಂತ ಗಂಟೆಗಟ್ಟಲೆ ಮಾತಾಡುತ್ತಾರೆ. ನನಗೆ ಮಾತ್ರ ಅದರ ಕಾರ್ಬೊರೇಟರ್‌ನಲ್ಲಿರುವ ರಬ್ಬರ್ ಹಾಳೆಗಳ ಮೇಲೇ ಕಣ್ಣು. ಚೈನ್‌ಸಾವನ್ನು ಹೇಗೆ ಬೇಕಾದರೂ ತಿರುಗಿಸಬಹುದು ಅಂತಾದದ್ದು ಅವುಗಳಿಂದ. ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದ ಮಿಷನ್‌ನಲ್ಲಿ ಸಾಮಾನ್ಯವಾಗಿ ಮೊದಲು ಸಾಯುವುದೂ ಅವೇ.

ಮೊದಲು ಒಂದು ಕಿರಿಕಿರಿ ಹೇಳಿ ಮುಗಿಸುತ್ತೇನೆ. ‘ಚೈನ್‌ಸಾ ಕಂಡುಹಿಡಿದದ್ದೇ ಹೆರಿಗೆಗೆ’ ಅಂತ ಒಂದು ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿರುತ್ತದೆ, ಜೊತೆಗೆ ಇವತ್ತಿನ ಪೆಟ್ರೋಲ್ ಗರಗಸದ ಚಿತ್ರ ಬೇರೆ. ಪೂರ್ತಿ ಸುಳ್ಳಲ್ಲ. ಹದಿನೆಂಟನೇ ಶತಮಾನದ ಕೊನೆಯ ಹೊತ್ತಿಗೆ ಸ್ಕಾಟ್ಲೆಂಡಿನ ವೈದ್ಯರಾದ ಜಾನ್ ಐಟ್ಕನ್ ಮತ್ತು ಜೇಮ್ಸ್ ಜೆಫ್ರಿ ಹಲ್ಲಿರುವ ಸಣ್ಣ ಸರಪಳಿಯೊಂದನ್ನು ಬಳಕೆಗೆ ತಂದರು. ಎರಡೂ ತುದಿಗೆ ಹಿಡಿ, ಕೈಯಲ್ಲೇ ಆಚೀಚೆ ಎಳೆಯುವುದು. ಕಷ್ಟದ ಹೆರಿಗೆಯಲ್ಲಿ ಕಿಬ್ಬೊಟ್ಟೆಯ ಕೆಳಗಿನ ಮೂಳೆಗಳ ಕೂಡುಜಾಗ ಬಿಡಿಸಲು, ಕೊಳೆತ ಮೂಳೆ ತೆಗೆಯಲು ಅದು ಬೇಕಿತ್ತು. 1830ರ ಹೊತ್ತಿಗೆ ಜರ್ಮನಿಯ ಬರ್ನ್‌ಹಾರ್ಡ್ ಹೈನೆ ಕೈಯಿಂದ ತಿರುಗಿಸುವ ಮೂಳೆಗರಗಸ ಮಾಡಿದ. ಅದರಲ್ಲಿ ಸರಪಳಿ ಬಾರ್ ಅನ್ನುವ ಚಪ್ಪಟೆ ಪಟ್ಟಿಯ ಸುತ್ತ ಓಡುತ್ತಿತ್ತು. ಅಲ್ಲಿಗೆ ಆ ಕಥೆ ಮುಗಿಯಿತು. ಕಾಡಿನ ಚೈನ್‌ಸಾಗೆ ಬೇಕಿದ್ದದ್ದು ಎಂಜಿನ್ನು. ಅದು ಬಂದದ್ದು ಸುಮಾರು ನೂರು ವರ್ಷ ತಡವಾಗಿ.

ಬಂದಾಗ ಅದು ಒಬ್ಬರಿಂದ ಎತ್ತಲಾಗದ ಮಾಲು. 1929ರಲ್ಲಿ ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ ತಂದ ಪೆಟ್ರೋಲ್ ಗರಗಸದ ತೂಕ 46 ಕಿಲೋ. ಎಂಜಿನ್ ಕಡೆ ಒಬ್ಬ, ಬಾರ್‌ನ ತುದಿಯಲ್ಲಿ ಇನ್ನೊಬ್ಬ. ಕಾರ್ಬೊರೇಟರ್ ಫ್ಲೋಟಿನದು, ಹಾಗಾಗಿ ಎಂಜಿನ್ ಓರೆಯಾಗುವ ಹಾಗಿಲ್ಲ. ಅದಕ್ಕೊಂದು ಉಪಾಯ ಮಾಡಿದರು. ಎಂಜಿನ್ ನೆಟ್ಟಗೇ ಇರಲಿ, ಬಾರ್ ತಿರುಗಲಿ ಅಂತ ನಡುವೆ ತಿರುಗುವ ಗೇರ್‌ಬಾಕ್ಸ್ ಇಟ್ಟರು. ಆ ಕಾಲದ ದೊಡ್ಡ ಮಿಷನ್‌ಗಳಲ್ಲಿ ಗೇರ್‌ಬಾಕ್ಸ್ ಪಕ್ಕದಲ್ಲಿ ಬಾರ್ ಬಿಗಿಯಲು ಒಂದು ಲಿವರ್ ಕಾಣಿಸಿದರೆ ಅದು ಫ್ಲೋಟಿನ ಕಾಟಕ್ಕೆ ಕಟ್ಟಿದ ದಂಡ.

ಡಯಾಫ್ರಂ ಅಂದರೆ ನಾನು ಹೇಳಿದ ಆ ರಬ್ಬರ್ ಹಾಳೆ. ಡಯಾಫ್ರಂ ಕಾರ್ಬೊರೇಟರ್ ಫ್ಲೋಟಿನ ಬಟ್ಟಲನ್ನೇ ಕಿತ್ತುಹಾಕಿತು. ಅದರಲ್ಲಿ ಎರಡು ಹಾಳೆಗಳಿವೆ. ಮೊದಲನೆಯದು ಪಂಪು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಹೋದಾಗ ಕೆಳಗಿನ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಇಳಿಯುತ್ತದೆ, ಕೆಳಗೆ ಬಂದಾಗ ಏರುತ್ತದೆ. ಸಣ್ಣದೊಂದು ತೂತಿನಿಂದ ಈ ಏರಿಳಿತ ಹಾಳೆಯ ಒಂದು ಬದಿಗೆ ತಲುಪುತ್ತದೆ. ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗಿದರೆ ಹಾಳೆ ಸೆಕೆಂಡಿಗೆ 100 ಸಲ ಬಡಿಯುತ್ತದೆ. ಇನ್ನೊಂದು ಬದಿಯಲ್ಲಿ ಪೆಟ್ರೋಲ್ ಟ್ಯಾಂಕಿನಿಂದ ಎಳೆದುಕೊಂಡು ಬರುತ್ತದೆ. ಬೇರೆ ಮೋಟಾರ್ ಇಲ್ಲ, ವೈರ್ ಇಲ್ಲ. ಟ್ಯಾಂಕಿನೊಳಗೆ ಮೆತ್ತನೆಯ ಪೈಪಿನ ತುದಿಗೆ ಭಾರದ ಫಿಲ್ಟರ್ ಕಟ್ಟಿರುತ್ತಾರೆ. ಮಿಷನ್ ಯಾವ ಕಡೆ ತಿರುಗಿದರೂ ಅದು ಪೆಟ್ರೋಲ್ ಇರುವ ಕಡೆಗೇ ಬೀಳುತ್ತದೆ.

ಎರಡನೆಯ ಹಾಳೆ ಇನ್ನೂ ಜಾಣ. ಅದರ ಒಂದು ಬದಿಗೆ ಹೊರಗಿನ ಗಾಳಿ, ಇನ್ನೊಂದು ಬದಿಗೆ ಪೆಟ್ರೋಲ್. ಎಂಜಿನ್ ಪೆಟ್ರೋಲ್ ಹೀರಿದಷ್ಟೂ ಆ ಬದಿಯ ಒತ್ತಡ ಇಳಿಯುತ್ತದೆ. ಆಗ ಹೊರಗಿನ ಗಾಳಿ ಹಾಳೆಯನ್ನು ಒಳಕ್ಕೆ ಒತ್ತುತ್ತದೆ, ಹಾಳೆ ಪುಟ್ಟ ಲಿವರನ್ನು ಒತ್ತುತ್ತದೆ, ಸೂಜಿ ಎದ್ದು ಹೊಸ ಪೆಟ್ರೋಲ್ ಒಳಗೆ ಬರುತ್ತದೆ. ಫ್ಲೋಟಿನ ಕೆಲಸವನ್ನು ಗಾಳಿಯ ಒತ್ತಡ ಮಾಡಿತು. ಗಾಳಿ ಎಲ್ಲ ಕಡೆಯಿಂದಲೂ ಒಂದೇ ಸಮ ಒತ್ತುತ್ತದಲ್ವಾ? ಹಾಗಾಗಿ ತಲೆಕೆಳಗಾದರೂ ಚಿಂತೆ ಇಲ್ಲ. 1959ರಲ್ಲಿ ಬಂದ ಸ್ಟಿಲ್ ಕಂಪನಿಯ ಕೊಂಟ್ರಾದಲ್ಲಿ ಈ ಕಾರ್ಬೊರೇಟರ್ ಇತ್ತು, ಗೇರುಗಳಿರಲಿಲ್ಲ, ತೂಕ 12 ಕಿಲೋ. ಸಂಗ್ರಹಕಾರರು ಅದಕ್ಕೆ ಮುಗಿಬೀಳುವುದು ಸುಮ್ನೆ ಅಲ್ಲ.

ಸರಪಳಿಗೂ ಒಂದು ಕಥೆ ಇದೆ. ಅಮೆರಿಕದ ಜೋಸೆಫ್ ಕಾಕ್ಸ್ 1946ರಲ್ಲಿ ಮರ ಕೊರೆಯುವ ದುಂಬಿಯ ಮರಿಹುಳದ ದವಡೆ ನೋಡಿ ಹಲ್ಲಿನ ಆಕಾರ ಬದಲಿಸಿದ. ಚೆಂದದ ಕಥೆ, ಎಲ್ಲರೂ ಹೇಳಿರುವುದರಿಂದ ಬಿಡುತ್ತೇನೆ.

ಈಗ ರಿಪೇರಿ. ಹಳೆಯ ಮಿಷನ್ ಸಿಕ್ಕಿದ ಕೂಡಲೇ ಮೊದಲು ಸ್ಟಾರ್ಟರ್ ಹಗ್ಗದ ಹಿಡಿಯಲ್ಲಿ ತೂಗಿ ಹಿಡಿಯುತ್ತಾರೆ. ತೂಕಕ್ಕೆ ಹಗ್ಗ ತಡೆದು ತಡೆದು ಇಳಿದರೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿ ಒತ್ತಿ ಹಿಡಿಯುವ ಶಕ್ತಿ, ಇದೆ ಅಂತ ಅರ್ಥ. ಸರ್ರನೆ ಬಿದ್ದರೆ ಪಿಸ್ಟನ್ ರಿಂಗ್ ಹೋಗಿರಬಹುದು. ಎಷ್ಟೋ ಸಲ ಕಂಪ್ರೆಷನ್, ಕಿಡಿ ಎರಡೂ ಸರಿ ಇರುತ್ತವೆ. ಗಾಳಿಯ ದಾರಿ ಮುಚ್ಚುವ ಚೋಕ್ ಎಳೆದಾಗ ಸ್ಟಾರ್ಟ್ ಆಗುತ್ತದೆ, ಚೋಕ್ ಬಿಟ್ಟ ಕೂಡಲೇ ಸಾಯುತ್ತದೆ. ಕಾರ್ಬೊರೇಟರ್ ಬಿಚ್ಚಿ ಹಾಳೆ ತೆಗೆದರೆ ಹಪ್ಪಳದ ಹಾಗೆ ಕಟಕಟ ಅನ್ನುತ್ತದೆ. ಗಟ್ಟಿಯಾದ ಹಾಳೆಯನ್ನು ಬಗ್ಗಿಸಲು ಮಾಮೂಲಿ ಸೆಳೆತ ಸಾಲದು. ಚೋಕ್ ಮುಚ್ಚಿದಾಗ ಸೆಳೆತ ಹೆಚ್ಚುವುದರಿಂದ ಅಷ್ಟು ಹೊತ್ತು ಮಾತ್ರ ಬಗ್ಗುತ್ತದೆ. ಟಿಲ್ಲಟ್‌ಸನ್ ಕಂಪನಿಯಂಥವರ ಕಾರ್ಬೊರೇಟರನ್ನು ಹಲವು ಚೈನ್‌ಸಾ ಕಂಪನಿಗಳು ಬಳಸಿದ್ದರಿಂದ ಅದರ ಹೊಸ ಹಾಳೆಗಳ ಕಿಟ್ ಇಂದಿಗೂ ಸಿಗುತ್ತದೆ.

ಇಲ್ಲೇ ಬಹಳ ಜನ ಎಂಜಿನ್ ಕೊಲ್ಲುವುದು. ಹೊಸ ಹಾಳೆ ಹಾಕಿದ ಮೇಲೂ ಐಡಲ್, ಅಂದರೆ ಥ್ರಾಟಲ್ ಬಿಟ್ಟಾಗಿನ ವೇಗ, ನಿಲ್ಲದೆ ತಾನಾಗಿ ಏರುತ್ತಿದ್ದರೆ ಸ್ಕ್ರೂ ಡ್ರೈವರ್ ಹಿಡಿದು ಕಾರ್ಬೊರೇಟರಿನ ಸ್ಕ್ರೂ ತಿರುಗಿಸುತ್ತ ಕೂರುತ್ತಾರೆ. ತಪ್ಪು ಹೆಚ್ಚಾಗಿ ಕ್ರ್ಯಾಂಕ್‌ನ ಎರಡು ತುದಿಯ ಸೀಲ್‌ಗಳದು. ಅವೂ ರಬ್ಬರೇ, ಒಣಗಿ ಗಾಳಿ ಎಳೆಯುತ್ತಿರುತ್ತವೆ. ಗಾಳಿ ಹೆಚ್ಚಾಯಿತು ಅಂದರೆ ಪೆಟ್ರೋಲಿನ ಪಾಲು ಕಡಿಮೆಯಾಯಿತು. ಟೂ ಸ್ಟ್ರೋಕ್‌ನಲ್ಲಿ ಆಯಿಲ್ ಬರುವುದು ಪೆಟ್ರೋಲಿನ ಜೊತೆಗೇ, ಅದೂ ಕಡಿಮೆಯಾಯಿತು. ಬಿಸಿ ಏರಿ ಪಿಸ್ಟನ್ ಗೀರು ಬಿದ್ದು ಸೀಜ್ ಆಗುತ್ತದೆ. ಎಕ್ಸಾಸ್ಟ್ ಮತ್ತು ಕಾರ್ಬೊರೇಟರ್ ದಾರಿಗಳನ್ನು ರಬ್ಬರ್ ತುಂಡಿನಿಂದ ಮುಚ್ಚಿ, ಕೈಪಂಪಿನಲ್ಲಿ ಸ್ವಲ್ಪ ಗಾಳಿ ತುಂಬಿ, ಕ್ರ್ಯಾಂಕ್ ತುದಿಗೆ ಸೋಪುನೀರು ಹಚ್ಚಿ. ಗುಳ್ಳೆ ಎದ್ದರೆ ತಪ್ಪು ಸೀಲಿನದು, ಕಾರ್ಬೊರೇಟರಿನ ಸ್ಕ್ರೂ ಮುಟ್ಟಲೇಬೇಡಿ.

ಈಗ ನಮ್ಮ ಬಂಕುಗಳಲ್ಲಿ ಸಿಗುವುದು 20% ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ನೀರು ಹೀರುತ್ತದೆ, ಹಳೆಯ ಕಾಲದ ರಬ್ಬರಿಗೆ ಅದು ಆಗಿಬರುವುದಿಲ್ಲ. ಎತ್ತಿಡುವ ಮುಂಚೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಅನ್ನುವವರಿದ್ದಾರೆ. ಹಾಗೆ ಒಣಗಿಸಿದರೆ ಹಾಳೆ ಬೇಗ ಗಟ್ಟಿಯಾಗುತ್ತದೆ ಅನ್ನುವವರೂ ಇದ್ದಾರೆ. ನಾನು ಮೊದಲನೆಯವರ ಕಡೆ. ಗಟ್ಟಿಯಾದ ಹಾಳೆಗೆ ಕಿಟ್ ಇದೆ, ನೀರಿಗೆ ತುಕ್ಕು ಹಿಡಿದ ಕ್ರ್ಯಾಂಕ್ ಬೇರಿಂಗಿಗೆ ಇಡೀ ಎಂಜಿನ್ನನ್ನೇ ಬಿಚ್ಚಬೇಕು.