ಕಂಟೇನರ್ ನಿಲ್ಲಿಸಿದರೆ ಕ್ಯಾಟಲಾಗ್ ಮಾಯವಾಗುತ್ತಾ?

ಪ್ರಶ್ನೆ: ಸಂಗ್ರಹದ ದಾಖಲೆಗಳ ಕ್ಯಾಟಲಾಗ್ ಮಾಡುವ ಆಟಮ್ (AtoM) ತಂತ್ರಾಂಶವನ್ನು ಲ್ಯಾಪ್‌ಟಾಪ್‌ನಲ್ಲಿ ಡಾಕರ್ ಮೂಲಕ (ತಂತ್ರಾಂಶಗಳನ್ನು ‘ಕಂಟೇನರ್’ ಎಂಬ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ವ್ಯವಸ್ಥೆ) ಹಾಕಿಕೊಂಡು ಒಂದಷ್ಟು ದಾಖಲೆ ಸೇರಿಸಿದ್ದೇನೆ. ಕಂಟೇನರ್ ನಿಲ್ಲಿಸಿದರೆ ಎಲ್ಲ ಅಳಿಸಿಹೋಗುತ್ತೆ ಅಂತಾರೆ. ನಿಜವಾ?

ಉತ್ತರ: ಇಲ್ಲ. ಲ್ಯಾಪ್‌ಟಾಪ್ ಆಫ್ ಮಾಡಿ, ನೆಮ್ಮದಿಯಾಗಿ ಮಲಗಿ. ಇದೇ ಉತ್ತರವನ್ನು ಎಷ್ಟು ಸಲ ಬರೆದಿದ್ದೇನೋ! ಆದರೂ ‘ಕಂಟೇನರ್ ಅಂದ್ರೆ ತಾತ್ಕಾಲಿಕ’ ಅನ್ನೋ ಅರ್ಧ ಸತ್ಯ ಸಾಯುತ್ತಲೇ ಇಲ್ಲ.

ನಿಲ್ಲಿಸುವುದು ಬೇರೆ, ತೆಗೆದುಹಾಕುವುದು ಬೇರೆ. ‘ಸ್ಟಾಪ್’ ಕಮಾಂಡ್ ಕೊಟ್ಟರೆ ಕಂಟೇನರ್ ಸುಮ್ನೆ ನಿಂತಿರುತ್ತದೆ, ಒಳಗೆ ಬರೆದದ್ದೆಲ್ಲ ಹಾಗೇ ಇರುತ್ತದೆ. ‘ಡೌನ್’ ಕೊಟ್ಟರೆ ಕಂಟೇನರ್ ಹೋಗುತ್ತದೆ, ಅದರ ಸ್ವಂತ ಪದರದಲ್ಲಿ ಬರೆದದ್ದೂ ಹೋಗುತ್ತದೆ. ಆದರೆ ಡೇಟಾಬೇಸ್ ಬರೆಯುವುದು ಆ ಪದರದಲ್ಲಲ್ಲ, ವಾಲ್ಯೂಮ್‌ನಲ್ಲಿ, ಅಂದರೆ ಕಂಟೇನರ್‌ನ ಹೊರಗೆ ಡಾಕರ್ ಇಟ್ಟುಕೊಳ್ಳುವ ಪ್ರತ್ಯೇಕ ಜಾಗದಲ್ಲಿ. ಆಟಮ್ ಜೊತೆ ಬರುವ ಕಂಪೋಸ್ ಫೈಲ್ (ಯಾವ ಯಾವ ಕಂಟೇನರ್ ಹೇಗೆ ಓಡಬೇಕು ಅಂತ ಬರೆದಿರುವ ಫೈಲ್) ತೆರೆದು ನೋಡಿ. ಡೇಟಾಬೇಸ್ ಆದ ಪರ್ಕೋನಾಕ್ಕೂ ಹುಡುಕಾಟ ನಡೆಸುವ ಇಲಾಸ್ಟಿಕ್‌ಸರ್ಚ್‌ಗೂ ಹೆಸರಿಟ್ಟ ವಾಲ್ಯೂಮ್‌ಗಳಿವೆ. ಬರೀ ಡೌನ್ ಅವನ್ನು ಮುಟ್ಟುವುದಿಲ್ಲ.

‘ಆದ್ರೆ ನಂದು ನಿಜವಾಗ್ಲೂ ಹೋಯ್ತಲ್ಲ!’ ಅನ್ನುತ್ತೀರಿ. ಹೋಗಿರಬಹುದು. ಅಳಿಸಿದವರು ನೀವೇ. ಇನ್‌ಸ್ಟಾಲ್ ಹಂತಗಳನ್ನೆಲ್ಲ ಒಂದು ಸ್ಕ್ರಿಪ್ಟ್‌ಗೆ ತುಂಬಿ ದಿನಾ ಬೆಳಗ್ಗೆ ಓಡಿಸುವವರಿದ್ದಾರೆ. ಆ ಹಂತಗಳಲ್ಲಿ ‘ಟೂಲ್ಸ್ ಪರ್ಜ್’ ಅಂತ ಒಂದಿದೆ. ಅದು ಡೇಟಾಬೇಸನ್ನು ಗುಡಿಸಿ ಖಾಲಿ ಮಾಡುತ್ತದೆ. ಜೊತೆಗೆ ‘ಡೆಮೊ’ ಆಯ್ಕೆ ಇದ್ದರೆ ‘ಖಂಡಿತಾನಾ?’ ಅಂತ ಕೇಳುವುದೂ ಇಲ್ಲ. ಅದು ಮೊದಲ ಸಲಕ್ಕೆ ಮಾತ್ರ ಇರುವ ಕಮಾಂಡ್ ಸ್ವಾಮಿ, ಬೆಳಗಿನ ಸುಪ್ರಭಾತ ಅಲ್ಲ.

ಪಾಸ್‌ವರ್ಡ್ ಕಥೆ ಇನ್ನೊಂದು. ಕಂಪೋಸ್ ಫೈಲ್‌ನಲ್ಲಿ ಡೇಟಾಬೇಸ್ ಪಾಸ್‌ವರ್ಡ್ ಬದಲಿಸುತ್ತಾರೆ, ಹೊಸದು ನಡೆಯುವುದಿಲ್ಲ. ನಡೆಯಲ್ಲ, ಯಾಕೆಂದರೆ ಮೈಎಸ್‌ಕ್ಯೂಎಲ್ ಥರದ ಡೇಟಾಬೇಸ್‌ಗಳ ಇಮೇಜ್‌ಗಳು (ಕಂಟೇನರ್ ತಯಾರಾಗುವ ಅಚ್ಚುಗಳು) ಆ ಸಾಲಿನಿಂದ ಪಾಸ್‌ವರ್ಡ್ ಇಡುವುದು ಡೇಟಾ ಡೈರೆಕ್ಟರಿ ಖಾಲಿ ಇದ್ದಾಗ ಮಾತ್ರ. ಆಗ ಎಲ್ಲೋ ಓದಿದ ‘ಡೌನ್ ಮೈನಸ್ ವಿ’ (ವಾಲ್ಯೂಮ್‌ಗಳನ್ನೂ ಅಳಿಸುವ ಡೌನ್) ಪ್ರಯೋಗವಾಗುತ್ತದೆ. ಪಾಸ್‌ವರ್ಡ್ ಸರಿಹೋಗುತ್ತದೆ, ವಾಲ್ಯೂಮ್ ಜೊತೆ ಕ್ಯಾಟಲಾಗೂ ಹೋಗುತ್ತದೆ. ಬೈಗುಳ ಮಾತ್ರ ಕಂಟೇನರ್‌ಗೆ.

ಇನ್ನು ಕೆಲವರದು ಕಳೆದೇ ಇರುವುದಿಲ್ಲ. ಕಂಪೋಸ್ ಫೈಲ್ ಇರುವ ಫೋಲ್ಡರ್‌ನ ಹೆಸರು ಬದಲಿಸಿರುತ್ತಾರೆ, ಅಷ್ಟೇ. ಬೇರೆ ಹೇಳದಿದ್ದರೆ ಕಂಪೋಸ್ ಆ ಫೋಲ್ಡರ್ ಹೆಸರನ್ನೇ ಪ್ರಾಜೆಕ್ಟ್ ಹೆಸರಾಗಿ ಎತ್ತಿಕೊಂಡು ಪ್ರತಿ ವಾಲ್ಯೂಮ್‌ನ ಹೆಸರಿನ ಮುಂದೆ ಅಂಟಿಸುತ್ತದೆ. ಫೋಲ್ಡರ್ ಹೆಸರು ಹೊಸದಾದರೆ ವಾಲ್ಯೂಮೂ ಹೊಸದು, ಖಾಲಿ. ‘ಡಾಕರ್ ವಾಲ್ಯೂಮ್ ಎಲ್‌ಎಸ್’ ಕೊಟ್ಟು ನೋಡಿ, ಹಳೆಯದು ಅಲ್ಲೇ ಇರುತ್ತದೆ. ಕಂಪೋಸ್ ಫೈಲ್‌ನ ಮೇಲ್ಗಡೆ ‘ನೇಮ್’ ಅಂತ ಒಂದು ಸಾಲು ಸೇರಿಸಿ ಹಳೆಯ ಪ್ರಾಜೆಕ್ಟ್ ಹೆಸರನ್ನೇ ಬರೆಯಿರಿ, ಎಲ್ಲ ವಾಪಸ್.

ದಾಖಲೆಗಳ ಪಟ್ಟಿ ಖಾಲಿ ಕಂಡರೂ ಗಾಬರಿ ಬೇಡ. ಆಟಮ್ ಪಟ್ಟಿಯನ್ನು ತೋರಿಸುವುದು ಇಲಾಸ್ಟಿಕ್‌ಸರ್ಚ್‌ನಿಂದ. ಅದು ಹುಡುಕಾಟಕ್ಕೆ ಕಟ್ಟಿಕೊಂಡ ಇಂಡೆಕ್ಸ್ ಹಾಳಾದರೆ ಡೇಟಾಬೇಸ್ ತುಂಬಿದ್ದರೂ ಪರದೆ ಖಾಲಿ. ‘ಸರ್ಚ್ ಪಾಪ್ಯುಲೇಟ್’ ಓಡಿಸಿ, ಇಂಡೆಕ್ಸ್ ಮತ್ತೆ ಕಟ್ಟಿಕೊಳ್ಳುತ್ತದೆ. ಇಲಾಸ್ಟಿಕ್‌ಸರ್ಚ್ ಎದ್ದೇಳುತ್ತಲೇ ಇಲ್ಲವೆಂದರೆ ಲಿನಕ್ಸ್‌ನಲ್ಲಿ ಮ್ಯಾಕ್ಸ್ ಮ್ಯಾಪ್ ಕೌಂಟ್ (vm.max_map_count) ಅನ್ನೋ ಮೆಮೊರಿ ಸೆಟ್ಟಿಂಗ್‌ನ ಮೌಲ್ಯ ಕನಿಷ್ಠ 262144 ಇದೆಯಾ ನೋಡಿ. ಅದನ್ನು ಬದಲಿಸಬೇಕಾದದ್ದು ನಿಮ್ಮ ಯಂತ್ರದಲ್ಲಿ, ಕಂಟೇನರ್ ಒಳಗಲ್ಲ.

ಈಗ ಯಾರೂ ಕೇಳದ ಒಂದು ಮಾತು. ಡೇಟಾ ಹೋಗುವ ಭಯಕ್ಕೆ ಕೆಲವರು ಅಸಲಿ ಸರ್ವರ್‌ನ ಡಂಪ್ (ಡೇಟಾಬೇಸ್‌ನ ಪೂರ್ತಿ ನಕಲು) ತಂದು ಲ್ಯಾಪ್‌ಟಾಪ್‌ಗೆ ಸುರಿಯುತ್ತಾರೆ. ಮೊದಲನೆಯದಾಗಿ ಚಿತ್ರಗಳು ಬರುವುದಿಲ್ಲ. ಅವು ಡೇಟಾಬೇಸ್‌ನಲ್ಲಿಲ್ಲ, ಅಪ್‌ಲೋಡ್ಸ್ ಫೋಲ್ಡರ್‌ನಲ್ಲಿವೆ. ಬರುವುದೆಂದರೆ ದಾನಿಗಳ ವಿಳಾಸ, ಫೋನ್ ನಂಬರ್, ಯಾವ ವಸ್ತು ಯಾವ ಕಪಾಟಿನಲ್ಲಿದೆ ಅನ್ನೋ ವಿವರ. ಇದನ್ನೆಲ್ಲ ಬ್ಯಾಗಲ್ಲಿ ಹೊತ್ತುಕೊಂಡು ತಿರುಗಬೇಕಾ? ಒಂದು ಪುಟದ ವಿನ್ಯಾಸ ಬದಲಿಸೋಕೆ ಹತ್ತಿಪ್ಪತ್ತು ದಾಖಲೆ ಧಾರಾಳ ಸಾಕು. ಸಿಎಸ್‌ವಿ (ಸಾದಾ ಕೋಷ್ಟಕದ ಫೈಲ್) ಆಗಿ ತೆಗೆದುಕೊಂಡು ಬಂದು ಇಂಪೋರ್ಟ್ ಮಾಡಿ. ಆ ಕೆಲಸ ಹಿನ್ನೆಲೆಯಲ್ಲಿ, ‘ವರ್ಕರ್’ ಅನ್ನೋ ಬೇರೊಂದು ಕಂಟೇನರ್ ಮೂಲಕ ನಡೆಯುತ್ತದೆ. ಡೇಟಾಬೇಸ್ ಸಿದ್ಧವಾಗುವ ಮೊದಲೇ ವರ್ಕರ್ ಎದ್ದು ಬಿದ್ದುಹೋಗಿದ್ದರೆ ಇಂಪೋರ್ಟ್ ಮುಂದಕ್ಕೆ ಹೋಗುವುದಿಲ್ಲ. ಅದೊಂದನ್ನೇ ರೀಸ್ಟಾರ್ಟ್ ಮಾಡಿ, ಪರ್ಜ್ ಕಡೆ ಕೈ ಹೋಗದಿರಲಿ.